ಕುರುಗೋಡು ಗುಡ್ಡದ ಎರಡನೇ ಅಳತೆ

ನಂಬಿ ಎಂದು ಬೇಡಿಕೊಳ್ಳಲು ನಾನು ಇದನ್ನು ಹೇಳುತ್ತಿಲ್ಲ. ಯಾವುದನ್ನು ನಂಬಬೇಕು, ಯಾವುದನ್ನು ಕಸಕ್ಕೆ ಹಾಕಬೇಕು ಎಂದು ತೀರ್ಮಾನಿಸುವುದೇ ಹದಿನಾರು ವರ್ಷಗಳಿಂದ ನನ್ನ ನೌಕರಿ. ಅದರಲ್ಲಿ ನಾನೆಷ್ಟು ಜಾಣೆ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ. ಆದರೆ ಕುರುಗೋಡಿನ ಗುಡ್ಡದ ಮೇಲೆ ಆ ರಾತ್ರಿ ನಡೆದದ್ದು ನಡೆದದ್ದೇ. ನನ್ನ ಕೈಬರಹದ ಹಾಳೆ ಇದೆ. ಫೋನಿನ ಆ ತುದಿಯಲ್ಲಿದ್ದ ಮನುಷ್ಯ ಬಳ್ಳಾರಿಯಲ್ಲೇ ಇದ್ದಾನೆ. ಅಂದಿನಿಂದ ನನ್ನ ಜೊತೆ ರಾತ್ರಿ ಪಾಳಿಗೆ ಕೂರಲು ಒಪ್ಪುವುದಿಲ್ಲ.

ನನ್ನ ಹೆಸರು ಶಾರದಾ. ಊರು ಸಿರುಗುಪ್ಪ. ಬಳ್ಳಾರಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಂಪ್ಯೂಟರಿನೊಳಗೆ ಗಾಳಿ ಬೀಸಿಸುವುದು ನನ್ನ ಕೆಲಸ. ನಗಬೇಡಿ, ನಿಜಕ್ಕೂ ಅದೇ ಕೆಲಸ. ಬಂಗಾಳ ಕೊಲ್ಲಿಯಲ್ಲಿ ಸುಳಿ ಎದ್ದರೆ ಅದು ಚಂಡಮಾರುತವಾಗುತ್ತದೋ ಇಲ್ಲವೋ, ಆಗುವುದಾದರೆ ಯಾವ ಕಡೆ ತಿರುಗುತ್ತದೆ, ಇದನ್ನೆಲ್ಲ ಲೆಕ್ಕ ಹಾಕುವ ಮಾಡೆಲ್ ನಮ್ಮದು. ಅದಕ್ಕೆ ಬೇಕಾದದ್ದು ನೆಲದಿಂದ ಒಂದು, ಒಂದೂವರೆ ಕಿಲೋಮೀಟರು ಮೇಲಿನ ಗಾಳಿಯ ಅಳತೆ. ಹಗಲು ನೆಲದ ಬಿಸಿ ಆ ಗಾಳಿಯನ್ನು ಕಲಕುತ್ತಿರುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಅದು ನಮ್ಮೂರ ಕಾಲುವೆ ನೀರಿನ ಹಾಗೆ ಒಂದೇ ದಿಕ್ಕಿಗೆ ರಭಸದಿಂದ ಹರಿಯತೊಡಗುತ್ತದೆ. ಆದ್ದರಿಂದಲೇ ನಮ್ಮ ಅಳತೆಯೆಲ್ಲ ರಾತ್ರಿ.

ಕುರುಗೋಡಿನ ಗುಡ್ಡದ ಮೇಲೆ ನಮ್ಮದೊಂದು ಸಣ್ಣ ಕೋಣೆ ಇತ್ತು. ಅಲ್ಲಿ ಅಳತೆಗಾರ ಎರ್ರಿಸ್ವಾಮಿ. ಹಿಂದೆ ಸರ್ವೆ ಕೆಲಸದಲ್ಲಿ ನೆಲ ಅಳೆಯುವ ಸರಪಳಿ ಹಿಡಿದಿದ್ದ ಮನುಷ್ಯ, ಐವತ್ತು ದಾಟಿದ್ದ, ನಮ್ಮಲ್ಲಿ ದಿನಗೂಲಿ. ರಾತ್ರಿ ಹನ್ನೊಂದಕ್ಕೆ ಗ್ಯಾಸ್ ತುಂಬಿದ ಬಲೂನಿಗೆ ಪುಟ್ಟ ದೀಪ ಕಟ್ಟಿ ಬಿಡಬೇಕು. ದುರ್ಬೀನಿನಲ್ಲಿ ಆ ದೀಪವನ್ನು ಹಿಂಬಾಲಿಸುತ್ತ ನಿಮಿಷಕ್ಕೊಮ್ಮೆ ಎರಡು ಕೋನ ಓದಬೇಕು. ದೀಪ ಎಷ್ಟು ಮೇಲಿದೆ, ಯಾವ ದಿಕ್ಕಿಗಿದೆ. ಮೇಲಿನ ಕೋನ ದೊಡ್ಡದಿದ್ದರೆ ಗಾಳಿ ಕಡಿಮೆ, ಬಲೂನು ನೆಟ್ಟಗೆ ಏರುತ್ತಿದೆ ಎಂದು. ಕೋನ ಸಣ್ಣದಾದಷ್ಟೂ ಗಾಳಿ ಜೋರು.

ಅವನು ಫೋನಿನಲ್ಲಿ ಹೇಳುತ್ತಿದ್ದ, ನಾನು ಬಳ್ಳಾರಿಯಲ್ಲಿ ರಿಜಿಸ್ಟರಿಗೆ ಬರೆದುಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದೆ. ಗುಡ್ಡದ ಮೇಲೆ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಅದಕ್ಕೇ ಪ್ರತಿ ನಿಮಿಷದ ಅಳತೆಯ ಕೊನೆಗೆ ಕೇಳುತ್ತಿದ್ದ, "ಬರ್ಕೊಂಡ್ರೇನ್ರಿ?" ನಾನು "ಬರ್ಕೊಂಡೆ" ಅನ್ನುವ ತನಕ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಮೂಗಿನ ಮೇಲೆ ಸಿಟ್ಟಿರುವ ನನ್ನಂಥವಳಿಗೆ ಆ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಮಾಡೆಲ್‌ಗೆ ಒಂದು ಗುಣವಿದೆ. ಮೊದಲು ತಾನೇ ಒಂದು ಊಹೆ ಮಾಡಿಕೊಳ್ಳುತ್ತದೆ. ಆಮೇಲೆ ಬಂದ ಅಳತೆಯನ್ನು ಅದಕ್ಕೆ ಹೋಲಿಸಿ, ತೀರಾ ದೂರವಿದ್ದರೆ ತಳ್ಳಿಹಾಕುತ್ತದೆ. ಎರ್ರಿಸ್ವಾಮಿಯ ಅಳತೆಗಳು ಮೇಲಿಂದ ಮೇಲೆ ಹಾಗೆ ತಳ್ಳಿಸಿಕೊಳ್ಳುತ್ತಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರೂ ಸಾಹೇಬರು ಅನ್ನುತ್ತಿದ್ದೆವು, ಒಂದು ದಿನ ಹೇಳಿದರು: "ಆ ಮನುಷ್ಯ ಗುಡ್ಡ ಹತ್ತೋದೇ ಇಲ್ಲ ಅನ್ಸುತ್ತೆ. ಮನೇಲಿ ಕೂತು ಬರೀತಾನೆ. ಮಾಡೆಲ್‌ಗೆ ಅಳತೆ ಕೊಡೋ ಪಟ್ಟಿಯಿಂದ ಕುರುಗೋಡನ್ನ ತೆಗೆದುಹಾಕಿ." ನಾನು ತೆಗೆದುಹಾಕಿದೆ. ಅವನಿಗೆ ಮಾತ್ರ ಹೇಳಲಿಲ್ಲ. ಅವನು ದಿನಾ ಹತ್ತುತ್ತಿದ್ದ, ಓದುತ್ತಿದ್ದ. ನಾನು ಬೇಕಾದಾಗ ಬರೆದುಕೊಳ್ಳುತ್ತಿದ್ದೆ, ಬೇಡವಾದಾಗ ಬಾಯಲ್ಲಿ "ಬರ್ಕೊಂಡೆ" ಅನ್ನುತ್ತಿದ್ದೆ.

ಹೋದ ವರ್ಷ ಕಾರ್ತಿಕದಲ್ಲಿ ಕೊಲ್ಲಿಯಲ್ಲಿ ಸುಳಿ ಎದ್ದಿತು. ನಮ್ಮ ಮಾಡೆಲ್ ಅದನ್ನು ಉತ್ತರಕ್ಕೆ ಅಟ್ಟಿತ್ತು. ನಮ್ಮ ಕಡೆ ಮೋಡ, ನಾಲ್ಕು ಹನಿ, ಅಷ್ಟೇ. ಸಿರುಗುಪ್ಪದಿಂದ ನನ್ನ ಅಣ್ಣ ಫೋನ್ ಮಾಡಿ ಕೇಳಿದ. ಭತ್ತ ಕೊಯ್ದು ಗದ್ದೆಯಲ್ಲೇ ಹಾಕಿದ್ದ. "ಏನೂ ಆಗಂಗಿಲ್ಲ, ಸುಮ್ನ ಮಲ್ಕೋ" ಅಂದೆ.

ಆ ರಾತ್ರಿ ಹನ್ನೊಂದಕ್ಕೆ ಎರ್ರಿಸ್ವಾಮಿಯ ಫೋನ್ ಬಂತು. ಒಂದೊಂದೇ ನಿಮಿಷದ ಅಳತೆ ಹೇಳುತ್ತ ಬಂದ. ಹಿಂದಿನಿಂದ ಗಾಳಿಯ ಸದ್ದು ಎಷ್ಟಿತ್ತೆಂದರೆ ಅವನು ಕಿರುಚಿ ಹೇಳಬೇಕಾಗಿತ್ತು.

"ಹತ್ತನೇ ನಿಮಿಷ. ಮ್ಯಾಲಕ್ಕ ಹನ್ನೊಂದು. ದಿಕ್ಕು ಇನ್ನೂರ ಐವತ್ತೆರಡು. ಬರ್ಕೊಂಡ್ರೇನ್ರಿ?"

"ಹನ್ನೊಂದಾ? ಕನ್ನಡಕ ಹಾಕ್ಕೊಂಡೀರೇನ್ರಿ ಎರ್ರಿಸ್ವಾಮಿ?"

"ಹಾಕ್ಕೊಂಡೀನ್ರಿ ಮೇಡಮ್ಮಾರೆ. ಬಲೂನು ಮ್ಯಾಲಕ್ಕ ಏರವಲ್ದು, ಅಡ್ಡ ಓಡಾಕತ್ತೈತಿ. ಇಂಥ ಗಾಳಿ ನಾ ಈ ಗುಡ್ಡದ ಮ್ಯಾಲ ನೋಡಿಲ್ರಿ. ಬರ್ಕೊಂಡ್ರೇನ್ರಿ?"

"ಬರ್ಕೊಂಡೆ."

ಬರೆದುಕೊಂಡಿರಲಿಲ್ಲ. ಪೆನ್ನು ಚಹಾದ ಲೋಟದ ಪಕ್ಕದಲ್ಲಿತ್ತು. ರಿಜಿಸ್ಟರ್ ತೆರೆದೇ ಇರಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ದೀಪ ಮೋಡದೊಳಗೆ ಹೋಯಿತು ಅಂದ. ಸ್ವಲ್ಪ ತಡೆದು ಕೇಳಿದ, "ಇನ್ನೊಂದು ಬಿಡ್ಲೇನ್ರಿ?"

"ಬಿಡ್ರಿ. ಈ ಸಲನಾರ ಸರಿಯಾಗಿ ನೋಡ್ರಿ."

ಅಂಥ ಮೋಡದಲ್ಲಿ ಎರಡನೇ ಬಲೂನು ಮೂರು ನಿಮಿಷವೂ ಕಾಣುವುದಿಲ್ಲ. ಅದು ನನಗೆ ಗೊತ್ತಿತ್ತು. ಸಿಟ್ಟಿಗೆ ಹೇಳಿದೆ, ಅಷ್ಟೇ. ಹೇಳಿ ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟು ಮಲಗಿದೆ.

ಬೆಳಗಿನ ಹೊತ್ತಿಗೆ ಬಳ್ಳಾರಿಯ ರಸ್ತೆಗಳು ಹೊಳೆಯಾಗಿದ್ದವು. ಸುಳಿ ಉತ್ತರಕ್ಕೆ ಹೋಗಿರಲಿಲ್ಲ, ಸೀದಾ ನಮ್ಮ ಮೇಲೇ ಬಂದಿತ್ತು. ಸಿರುಗುಪ್ಪದಿಂದ ರಾರಾವಿಯ ತನಕ ಕೊಯ್ದ ಭತ್ತವೆಲ್ಲ ನೀರಿನಲ್ಲಿ ತೇಲುತ್ತಿತ್ತು. ಅಣ್ಣ ಇವತ್ತಿಗೂ ಬೈದಿಲ್ಲ. "ನಿನ್ನ ಕಂಪ್ಯೂಟರ್ ಚೊಲೋ ಹೇಳ್ತು ಬಿಡವ್ವ" ಎಂದು ಒಂದೇ ಮಾತು ಅಂದ, ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟ.

ಎರ್ರಿಸ್ವಾಮಿ ಗುಡ್ಡದ ಬಂಡೆಗಳ ಕೆಳಗೆ ಹೆಣವಾಗಿ ಸಿಕ್ಕ. ಕೈಯಲ್ಲಿ ಬಲೂನಿನ ದಾರ ಸುತ್ತಿಕೊಂಡಿತ್ತಂತೆ.

ವಿಚಾರಣೆ ಆಯಿತು. ಜನರಿಗೆ ತಪ್ಪು ಮುನ್ಸೂಚನೆ ಹೋದದ್ದು ಹೇಗೆ ಎಂದು ಯಾರಾದರೂ ಉತ್ತರ ಕೊಡಬೇಕಿತ್ತು. ಸಾಹೇಬರು ಕೊಟ್ಟರು. ಕುರುಗೋಡಿನಿಂದ ಆ ರಾತ್ರಿ ಅಳತೆಯೇ ಬಂದಿಲ್ಲ, ಅಳತೆಗಾರ ಮೊದಲಿನಿಂದಲೂ ಕೂತಲ್ಲೇ ಲೆಕ್ಕ ಬರೆಯುವವನು, ಗುಡ್ಡಕ್ಕೆ ಯಾಕೆ ಹೋಗಿದ್ದನೋ ತಿಳಿಯದು. ರಿಜಿಸ್ಟರಿನಲ್ಲಿ ಆ ದಿನದ ಪುಟ ಖಾಲಿ ಇತ್ತಲ್ಲ, ಅದೇ ಸಾಕ್ಷಿ. ಕೆಳಗೆ ನನ್ನ ಸಹಿ. ಹಾಕು ಅಂದರು, ಹಾಕಿದೆ. ನನಗೂ ನೌಕರಿ ಬೇಕಾಗಿತ್ತು.

ಈ ಕಾರ್ತಿಕಕ್ಕೆ ಸರಿಯಾಗಿ ವರ್ಷವಾಯಿತು. ಗುಡ್ಡದ ಕೋಣೆಗೆ ಬೇರೆ ಯಾರನ್ನೂ ನೇಮಿಸಿರಲಿಲ್ಲ. ಸಾಹೇಬರಿಗೆ ಯಾವುದೋ ಸಮ್ಮೇಳನಕ್ಕೆ ಕಾರ್ತಿಕದ ರಾತ್ರಿಯ ಒಂದು ಅಳತೆ ಬೇಕಾಯಿತು. ಯಾರೂ ಹೋಗಲು ಒಪ್ಪಲಿಲ್ಲ. ನನ್ನನ್ನು ಕಳಿಸಿದರು. ಬಳ್ಳಾರಿಯಲ್ಲಿ ಫೋನಿಗೆ ಕೂತವನು ಮೆಹಬೂಬ್, ನನ್ನ ವಾರಿಗೆಯವನು, ಈ ವರ್ಷವೇ ಬಂದು ಸೇರಿದವನು. ಎರ್ರಿಸ್ವಾಮಿಯನ್ನು ಅವನು ಕಂಡಿರಲಿಲ್ಲ, ಅವನ ದನಿಯನ್ನೂ ಕೇಳಿರಲಿಲ್ಲ. ಇದು ನೆನಪಿರಲಿ.

ಕೋಣೆಯ ಕೀಲಿ ಎರ್ರಿಸ್ವಾಮಿಯ ಹೆಂಡತಿ ಹುಲಿಗೆಮ್ಮನ ಹತ್ತಿರವೇ ಉಳಿದಿತ್ತು. ಸಂಜೆ ಅವಳ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಕೀಲಿ ಕೊಟ್ಟಳು.

"ಒಂದ ಮಾತು ಕೇಳ್ತೀನ್ರಿ" ಅಂದಳು. "ಅವತ್ತು ಇವ್ರು ನಿಮಗ ಫೋನ್ ಮಾಡಿದ್ರೋ ಇಲ್ಲೋ?"

ನಾನು ಕೀಲಿಯನ್ನೇ ನೋಡುತ್ತಿದ್ದೆ.

"ಊರಾಗ ಮಂದಿ ಒಂದೊಂದು ಮಾತಾಡ್ತಾರ. ಸುಳ್ಳು ಬರೀತಿದ್ದ, ಅವತ್ತು ಕುಡುದು ಗುಡ್ಡಕ್ಕ ಹೋಗಿದ್ದ ಅಂತಾರ. ನನ್ನ ಮಗಳ ಮುಂದ ಅಂತಾರ. ನೀವು ಹೂಂ ಅಂದ್ರ ಹೂಂ, ಇಲ್ಲ ಅಂದ್ರ ಇಲ್ಲ. ಅಷ್ಟ ನನಗ ಬೇಕಾಗಿರೋದು."

"ನೆನಪಿಲ್ಲಮ್ಮ" ಅಂದೆ.

ಅವಳು ಬಾಗಿಲು ಹಾಕಿಕೊಂಡಳು.

ಜೀಪಿನ ಡ್ರೈವರ್ ಕೆಳಗೇ ಉಳಿದ. ನಾನೊಬ್ಬಳೇ ಟಾರ್ಚು ಹಿಡಿದು ಹತ್ತಿದೆ. ಮೋಡವಿರಲಿಲ್ಲ, ಗಾಳಿ ಅಲುಗುತ್ತಿರಲಿಲ್ಲ, ಚುಕ್ಕೆಗಳು ಗಿಜಿಗುಟ್ಟುತ್ತಿದ್ದವು. ಕೆಳಗೆ ದೊಡ್ಡ ಬಸವೇಶ್ವರ ಗುಡಿಯ ಕಡೆ ನಾಯಿಗಳು ಬೊಗಳುವುದು ಕೇಳುತ್ತಿತ್ತು. ಕೋಣೆಯ ಬಾಗಿಲು ತೆಗೆದರೆ ಇಲಿ ಹಿಕ್ಕೆಯ ನಾತ. ಗೋಡೆಗೆ ಎರ್ರಿಸ್ವಾಮಿಯ ಮಫ್ಲರ್ ನೇತಾಡುತ್ತಿತ್ತು. ಅದನ್ನು ಒಯ್ಯಲು ಒಬ್ಬರೂ ಬಂದಿರಲಿಲ್ಲ.

ಬಲೂನು ತುಂಬಿದೆ, ದೀಪ ಕಟ್ಟಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೆಹಬೂಬನಿಗೆ ಫೋನ್ ಹಚ್ಚಿದೆ. ಸರಿಯಾಗಿ ಹನ್ನೊಂದಕ್ಕೆ ಬಲೂನು ಬಿಟ್ಟೆ. ಅದು ನೆಟ್ಟಗೆ ಏರಿತು.

"ಮೊದಲನೇ ನಿಮಿಷ. ಮೇಲಕ್ಕೆ ಎಪ್ಪತ್ತೊಂದು. ದಿಕ್ಕು ಇನ್ನೂರ ಹತ್ತು."

"ಬರ್ಕೊಂಡೆ ಮೇಡಂ" ಅಂದ ಮೆಹಬೂಬ್. ಬರ್ಕೊಂಡ್ರಾ ಎಂದು ನಾನು ಕೇಳಿರಲಿಲ್ಲ. ಪರವಾಗಿಲ್ಲ, ಚುರುಕಾಗಿದ್ದಾನೆ ಅಂದುಕೊಂಡೆ.

ಎರಡನೆಯದು ಹೇಳಿದೆ. "ಬರ್ಕೊಂಡೆ" ಅಂದ. ಒಂದು ಕ್ಷಣ ಬಿಟ್ಟು ಮತ್ತೊಮ್ಮೆ, "ಹೂನ್ರಿ, ಬರ್ಕೊಂಡೆ."

"ಎರಡೆರಡು ಸಲ ಯಾಕ ಹೇಳ್ತೀರಿ?"

"ನಿಮಗೊಂದು, ಅವ್ರಿಗೊಂದು." ನಕ್ಕ. "ಜೊತಿಗೆ ಯಾರನ್ನ ಕರ್ಕೊಂಡು ಹೋಗೀರಿ ಮೇಡಂ? ಭಾಳ ಶಿಸ್ತಿನ ಮನುಷ್ಯ ಅದಾರ. ಬರ್ಕೊಂಡ್ರೇನ್ರಿ, ಬರ್ಕೊಂಡ್ರೇನ್ರಿ ಅಂತ ಬಿಡವಲ್ರು."

ದುರ್ಬೀನಿನ ತಿರುಪಿನ ಮೇಲೆ ನನ್ನ ಬೆರಳು ನಿಂತುಬಿಟ್ಟವು...

ಹಿಂದೆ ತಿರುಗಿ ನೋಡಿದೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬಂಡೆ, ಜಾಲಿಯ ಗಿಡ, ಕತ್ತಲು. ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಮೆಹಬೂಬ್, ಇಲ್ಲಿ ನಾ ಒಬ್ಬಾಕಿನ ಅದೀನಿ."

"ತಮಾಷಿ ಮಾಡಬ್ಯಾಡ್ರಿ. ನಿಮ್ಮ ಹಿಂದಿಂದ ಹೇಳಾಕತ್ತಾರ, ಸ್ಪಷ್ಟ ಕೇಳಾಕತ್ತೈತಿ. ಆದ್ರ ಅವ್ರ ಅಳತಿಗೂ ನಿಮ್ಮ ಅಳತಿಗೂ ಅಜಗಜಾಂತರ ಐತಿ. ನೀವು ಅರವತ್ತೆಂಟು ಅಂದ್ರಿ, ಅವ್ರು ಇಪ್ಪತ್ತಾರು ಅಂದ್ರು. ಮತ್ತ ಅಲ್ಲಿ ಗಾಳಿ ಇಷ್ಟು ಜೋರು ಐತೇನ್ರಿ? ಅವ್ರು ಒದರಿ ಒದರಿ ಹೇಳಾಕತ್ತಾರ."

ಗಾಳಿ... ನನ್ನ ಸೆರಗು ಕೂಡ ಅಲುಗುತ್ತಿರಲಿಲ್ಲ.

ಆಗ ವಾಸನೆ ಬಂತು. ಪೌಡರಿನ ವಾಸನೆ. ರಬ್ಬರು ಅಂಟಬಾರದೆಂದು ಎರ್ರಿಸ್ವಾಮಿ ಬಲೂನಿಗೆ ಮೈಗೆ ಹಚ್ಚುವ ಪೌಡರು ಸವರುತ್ತಿದ್ದ. ಮನೆಯಿಂದಲೇ ತರುತ್ತಿದ್ದ, ಅಗ್ಗದ ಗಂಧದ ಪೌಡರು. ನಾನು ಆ ರಾತ್ರಿ ಪೌಡರು ತಂದಿರಲಿಲ್ಲ. ಆಮೇಲೆ ತೀರಾ ಹತ್ತಿರದಲ್ಲಿ, ಎಡಗಡೆ, ರಬ್ಬರು ಉಜ್ಜಿದ ಕಿರ್... ಕಿರ್... ಸದ್ದು. ನನಗೆ ಅಷ್ಟೇ ಕೇಳಿದ್ದು. ದನಿ ನನಗೆ ಕೇಳಲಿಲ್ಲ. ಒಂದು ಸಲವೂ ಕೇಳಲಿಲ್ಲ. ಅದಕ್ಕೆ ನಾನು ಯೋಗ್ಯಳಲ್ಲವೇನೋ.

ಓಡಬೇಕಾಗಿತ್ತು. ಸುಮ್ಮನೆ ದುರ್ಬೀನಿನ ಕಂಬ ಹಿಡಿದು ನಿಂತಿದ್ದೆ. ನನ್ನ ಬಲೂನಿನ ದೀಪ ಎಲ್ಲಿ ಹೋಯಿತೋ ನೋಡಲಿಲ್ಲ. ಕಿವಿಯಲ್ಲಿ ಮೆಹಬೂಬ್ ಒಬ್ಬನೇ ಯಾರಿಗೋ "ಬರ್ಕೊಂಡೆ... ಬರ್ಕೊಂಡೆ..." ಅನ್ನುತ್ತಿದ್ದ. ನಿಮಿಷಗಳು ಹೋದವು.

"ಮೇಡಂ, ಇದೆಂಥದ್ರಿ. ಹತ್ತನೇ ನಿಮಿಷಕ್ಕ ಹನ್ನೊಂದು ಅಂತಾರ. ಹನ್ನೊಂದು ಅಂದ್ರ ತೂಫಾನ್ ಅಲ್ಲೇನ್ರಿ?"

"ದಿಕ್ಕು?" ಅಂದೆ.

"ಇನ್ನೂರ ಐವತ್ತೆರಡು."

ಆ ಎರಡು ಸಂಖ್ಯೆ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿದ್ದವು. ಒಬ್ಬ ಸತ್ತಿದ್ದ. ಇನ್ನೊಬ್ಬಳು ಅವನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಮೇಡಂ..." ಮೆಹಬೂಬನ ದನಿ ಸಣ್ಣಗಾಯಿತು. "ಈಗ ನನ್ನ ಕೇಳಾಕತ್ತಿಲ್ಲ ಅವ್ರು. ನಿಮ್ಮನ್ನ ಕೇಳಾಕತ್ತಾರ."

"ಏನಂತ?"

"ಮೇಡಮ್ಮಾರೆ, ಬರ್ಕೊಂಡ್ರೇನ್ರಿ, ಅಂತ. ಮುಂದಕ್ಕ ಹೋಗವಲ್ರು. ಕಾಯಾಕತ್ತಾರ. ಹೇಳಿಬಿಡ್ರಿ."

ವರ್ಷವಿಡೀ ಅದೊಂದು ಶಬ್ದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಇನ್ನೊಂದು ಸಲ ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಎಡಗಡೆ ಆ ಪೌಡರಿನ ವಾಸನೆ ಹೋಗಲೊಲ್ಲದು. ಅಳು ಬಂತು.

"ಇಲ್ಲ" ಅಂದೆ. "ಬರ್ಕೊಂಡಿಲ್ಲ ಎರ್ರಿಸ್ವಾಮಿ. ಅವತ್ತು ನಾ ಬರ್ಕೊಳ್ಳಲೇ ಇಲ್ಲ. ಸುಳ್ಳು ಹೇಳಿದೆ."

ಆ ಕಡೆ ಮೆಹಬೂಬ್ ಹಾಳೆ ತಿರುವಿದ ಸದ್ದು ಕೇಳಿಸಿತು.

"ಮೇಡಂ," ಅಂದ, "ಮೊದಲನೇ ನಿಮಿಷದಿಂದ ಮತ್ತ ಶುರು ಮಾಡ್ಯಾರ."

ಚೀಲದಿಂದ ಹಾಳೆ ತೆಗೆದೆ. ಟಾರ್ಚನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಬಂಡೆಯ ಮೇಲೆ ಕೂತೆ. ಅವನು ಹೇಳಿದ್ದನ್ನು ಮೆಹಬೂಬ್ ಹೇಳಿದ, ಮೆಹಬೂಬ್ ಹೇಳಿದ್ದನ್ನು ನಾನು ಬರೆದೆ. ಒಂದೊಂದಕ್ಕೂ ಕತ್ತಲಿಗೆ ಮುಖ ಮಾಡಿ "ಬರ್ಕೊಂಡೆ" ಅಂದೆ. ಹನ್ನೆರಡು ನಿಮಿಷದ ಅಳತೆ. ಕೊನೆಗೆ ಮೆಹಬೂಬ್ ಅಂದ, "ಮೋಡದಾಗ ಹೋತು ಅಂತಾರ."

ಆಮೇಲೆ ಏನು ಕೇಳುತ್ತಾನೆ ಎಂದು ನನಗೆ ಗೊತ್ತಿತ್ತು.

"ಇನ್ನೊಂದು ಬಿಡ್ಲೇನ್ರಿ, ಅಂತ ಕೇಳಾಕತ್ತಾರ."

"ಬ್ಯಾಡ" ಅಂದೆ. ಎದ್ದು ನಿಂತು ಜೋರಾಗಿ ಹೇಳಿದೆ. "ಬ್ಯಾಡ್ರಿ. ಸಾಕು. ಎಲ್ಲಾ ಬರ್ಕೊಂಡೀನಿ. ಕೆಳಗ ಇಳೀರಿ, ಮನಿಗೆ ಹೋಗ್ರಿ. ಹುಷಾರಾಗಿ ಹೋಗ್ರಿ."

ಉತ್ತರ ಬಂತೇ ಎಂದು ಕೇಳಿದೆ. "ಅವ್ರ ದನಿ ಕಡದಂಗಾತು, ಈಗ ಬರೀ ನಿಮ್ಮ ದನಿ ಕೇಳ್ತೈತಿ" ಅಂದ ಮೆಹಬೂಬ್. ಪೌಡರಿನ ವಾಸನೆ ಯಾವಾಗ ಹೋಯಿತೋ ತಿಳಿಯಲಿಲ್ಲ. ನಾನು ಬೆಳಕು ಹರಿಯುವ ತನಕ ಆ ಬಂಡೆಯ ಮೇಲೇ ಕೂತಿದ್ದೆ. ಕತ್ತಲಲ್ಲಿ ಆ ದಾರಿ ಇಳಿಯುವ ಧೈರ್ಯ ನನಗಿರಲಿಲ್ಲ. ಅಂಥ ಗಾಳಿಯಲ್ಲಿ ಅವನನ್ನು ಗುಡ್ಡದ ಮೇಲೇ ನಿಲ್ಲಿಸುವ ಧೈರ್ಯ ಮಾತ್ರ ಅವತ್ತು ಇತ್ತು.

ಬೆಳಿಗ್ಗೆ ಕೀಲಿ ಕೊಡಲು ಹೋದೆ. ಹುಲಿಗೆಮ್ಮ ಅಂಗಳದಲ್ಲಿ ಕಾಲು ತೊಳೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದಳು. ನನ್ನ ಮುಖ ನೋಡಿ ಎದ್ದಳು.

"ರಾತ್ರಿ ನೀವು ಇಲ್ಲಿಗೆ ಬಂದಿದ್ರೇನ್ರಿ?"

"ಇಲ್ಲ. ಗುಡ್ಡದ ಮೇಲೇ ಇದ್ದೆ."

"ಹನ್ನೆರಡು ಆಗಿರಬೇಕು. ಯಾರೋ ಕಾಲು ತೊಳ್ಕೊಂಡಂಗ ಸಪ್ಪಳಾತು. ಇವ್ರು ಗುಡ್ಡ ಇಳುದು ಬಂದ್ರ ಹಂಗ ತೊಳ್ಕೋತಿದ್ರು, ಎರಡೂ ಕಾಲು ಉಜ್ಜಿ ಉಜ್ಜಿ. ನಾ ಹೆದರಿ ಬಾಗಿಲು ತಗೀಲಿಲ್ಲ." ಕಲ್ಲಿನ ಕಡೆ ಕೈ ತೋರಿಸಿದಳು. "ನಸುಕಿನಾಗ ನೋಡಿದ್ರ ಕಲ್ಲು ಹಸಿ ಇತ್ತು. ಕೊಡದಾಗ ನೀರು ಇದ್ದಷ್ಟ ಐತಿ."

ಕಲ್ಲಿನ ಒಂದು ಮೂಲೆ ಇನ್ನೂ ಕಪ್ಪಗೆ ತೇವವಾಗಿಯೇ ಇತ್ತು.

ಅವಳು ಮತ್ತೆ ಕೇಳಲಿ ಎಂದು ಕಾದೆ. ಕೇಳಲಿಲ್ಲ. ನಾನೇ ಹೇಳಿದೆ. ಫೋನ್ ಮಾಡಿದ್ದ, ಎಲ್ಲ ಸರಿಯಾಗಿಯೇ ಓದಿದ್ದ, ಬರೆದುಕೊಂಡೆ ಎಂದು ಸುಳ್ಳು ಹೇಳಿದ್ದು ನಾನು, ಎರಡನೇ ಸಲ ಬಲೂನು ಬಿಡಲು ಹೇಳಿದ್ದೂ ನಾನು. ಹಾಳೆ ತೋರಿಸಿದೆ. ಓದಲು ಬಾರದಿದ್ದರೂ ಅದನ್ನು ಬಹಳ ಹೊತ್ತು ಹಿಡಿದುಕೊಂಡು ನೋಡಿದಳು.

"ಇದನ್ನ ನನ್ನ ಮಗಳ ಮುಂದೊಮ್ಮೆ ಹೇಳ್ರಿ" ಅಂದಳು. "ನನ್ನ ಮುಂದ ಬ್ಯಾಡ. ನನಗ ಮೊದ್ಲ ಗೊತ್ತಿತ್ತು."

ಮಗಳ ಮುಂದೆ ಹೇಳಿದೆ. ಆ ಹುಡುಗಿ ನನ್ನ ಮುಖಕ್ಕೆ ಉಗುಳಲಿಲ್ಲ, ಎದ್ದು ಒಳಗೆ ಹೋದಳು.

ಬಳ್ಳಾರಿಗೆ ಬಂದು ಆ ಅಳತೆಯನ್ನು ಹೋದ ವರ್ಷದ ಮಾಡೆಲ್‌ಗೆ ಹಾಕಿ ಓಡಿಸಿದೆ. ಉತ್ತರಕ್ಕೆ ಹೊರಟಿದ್ದ ಸುಳಿ ಪಶ್ಚಿಮಕ್ಕೆ ಹೊರಳಿ, ಸಿರುಗುಪ್ಪದ ಮೇಲೇ ಬಂದು ಮಳೆ ಸುರಿಸಿತು. ಒಂದು ಬಲೂನಿನ ಅಳತೆಗೆ ಚಂಡಮಾರುತದ ದಾರಿ ಅಷ್ಟು ಬದಲಾಗುವುದಿಲ್ಲ. ಹದಿನಾರು ವರ್ಷ ಇದನ್ನೇ ಮಾಡಿದವಳು ನಾನು, ನನಗೆ ಗೊತ್ತು. ಮೂರು ಸಲ ಓಡಿಸಿದೆ. ಮೂರು ಸಲವೂ ಅಲ್ಲಿಗೇ ಬಂತು.

ಎಲ್ಲವನ್ನೂ ಬರೆದು ಸಹಿ ಮಾಡಿ ಸಾಹೇಬರಿಗೆ ಕೊಟ್ಟೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಂಕು ಹೊಸದು, ಅಕ್ಷರ ನಿಮ್ಮದು. ಎಲ್ಲಿಂದ ಬಂತು ಇದು?" ಅಂದರು. ಮೆಹಬೂಬನನ್ನು ಕರೆಸಿದರು. ಹೆಂಡತಿ ಮಕ್ಕಳಿರುವವನು, ಫೋನಿನಲ್ಲಿ ನನ್ನ ದನಿ ಮಾತ್ರ ಕೇಳಿದ್ದು ಅಂದುಬಿಟ್ಟ. ಕಡತದಲ್ಲಿ ಈಗ ನನ್ನ ಹೆಸರಿನ ಮುಂದೆಯೂ ಅದೇ ಮಾತು ಬರೆದಿದ್ದಾರೆ, ಕೂತಲ್ಲೇ ಬರೆದ ಲೆಕ್ಕ ಎಂದು. ಎರ್ರಿಸ್ವಾಮಿಯ ಮೇಲಿನದನ್ನು ಅಳಿಸಿಲ್ಲ. ನನ್ನದನ್ನು ಅದರ ಕೆಳಗೆ ಸೇರಿಸಿದ್ದಾರೆ, ಅಷ್ಟೇ.

ಕೆಲಸದಿಂದ ಇನ್ನೂ ತೆಗೆದಿಲ್ಲ. ರಾತ್ರಿ ಪಾಳಿಗೆ ಬೇರೆ ಯಾರೂ ಸಿಗುತ್ತಿಲ್ಲ, ಅದಕ್ಕೆ ಇಟ್ಟುಕೊಂಡಿದ್ದಾರೆ. ಗುಡ್ಡದಿಂದ ಬಂದ ಮೊದಲ ದಿನವೇ ಕುರುಗೋಡನ್ನು ಮತ್ತೆ ಪಟ್ಟಿಗೆ ಸೇರಿಸಿದೆ. ಅಲ್ಲಿ ಅಳತೆಗಾರನಿಲ್ಲ, ಕೋಣೆಗೆ ಬೀಗ, ಕೀಲಿ ಹುಲಿಗೆಮ್ಮನ ಮನೆಯ ಗೂಡಿನಲ್ಲಿ. ದಿನಾ ರಾತ್ರಿ ಕಂಪ್ಯೂಟರಿನ ಪರದೆಯ ಮೇಲೆ ಕುರುಗೋಡಿನ ಎದುರು "ಅಳತೆ ಬಂದಿಲ್ಲ" ಎಂದು ಬರುತ್ತದೆ.

ಕೊಲ್ಲಿಯಲ್ಲಿ ಮತ್ತೆ ಸುಳಿ ಎದ್ದಿದೆ. ಹನ್ನೊಂದಾಗುತ್ತ ಬಂತು. ರಿಜಿಸ್ಟರ್ ತೆರೆದಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಫೋನಿನ ಮುಂದೆ ಕೂತಿದ್ದೇನೆ. ಫೋನ್ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಬಂದರೆ, ನಾನು ಹೋಗ್ರಿ ಅಂದರೂ ಎರ್ರಿಸ್ವಾಮಿ ಗುಡ್ಡ ಇಳಿದು ಮನೆಗೆ ಹೋಗಿಲ್ಲ ಎಂದು ಅರ್ಥ.